ಮನೆ ಮಾರುವವರೇ ಕರೆತಂದ ಪ್ಲಂಬರ್‌ನನ್ನು ನಂಬಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ. ಹಳೇ ಮನೆ ಕೊಳ್ಳಲು ಹೊರಟವರಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಒಮ್ಮೆ ಓದಿ.

ನಾನು ಪೈಪು, ನಲ್ಲಿ ಏನೂ ನೋಡದೆ ಕೊಂಡೆ ಅಂದುಕೊಳ್ಳಬೇಡಿ. ಚೆಕ್ ಮಾಡಿಸಿದ್ದೆ. ಹೊಟ್ಟೆ ಉರಿಯುವುದೇ ಅದಕ್ಕೆ. ಪ್ಲಂಬರ್ ಬಂದ, ಮನೆಯೆಲ್ಲ ಓಡಾಡಿದ, "ಎಲ್ಲಾ ಫಸ್ಟ್ ಕ್ಲಾಸ್ ಇದೆ ಸಾರ್" ಅಂದ. ನಾನು ತಲೆಯಾಡಿಸಿದೆ. ಅವನನ್ನು ಕರೆಸಿದ್ದು ಯಾರು? ಮನೆ ಮಾರುತ್ತಿದ್ದ ಯಜಮಾನರು. "ನೀವ್ಯಾಕೆ ಪ್ಲಂಬರ್ ಹುಡುಕಿಕೊಂಡು ಅಲೀತೀರಿ, ನಮ್ಮ ಹುಡುಗನೇ ಇದ್ದಾನೆ, ದುಡ್ಡೂ ಕೊಡಬೇಡಿ" ಅಂದಿದ್ದರು. ಪುಕ್ಕಟೆ ಆಯ್ತಲ್ಲ ಅಂತ ಒಳಗೊಳಗೇ ಖುಷಿಪಟ್ಟಿದ್ದೆ. ಪುಕ್ಕಟೆ!

ಆ ಹುಡುಗ ಒಂದು ನಲ್ಲಿ ತೆರೆದು, ನೀರು ನೋಡಿ, ಅದನ್ನು ಮುಚ್ಚಿ, ಆಮೇಲೆ ಇನ್ನೊಂದನ್ನು ತೆರೆಯುತ್ತಿದ್ದ. ನೀರು ವೇಸ್ಟ್ ಮಾಡಲ್ಲ, ಎಷ್ಟು ಶಿಸ್ತು ಅಂದುಕೊಂಡೆ. ಎರಡು ನಲ್ಲಿ ಒಟ್ಟಿಗೆ ಬಿಟ್ಟಿದ್ದರೆ ಅಲ್ಲೇ ಬಣ್ಣ ಬಯಲಾಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಾನೊಬ್ಬನೇ.

ಮನೆ ನೋಡಲು ನಾಲ್ಕು ಸಲ ಹೋಗಿದ್ದೆವು. ನಾಲ್ಕು ಸಲವೂ ಫೋನ್ ಮಾಡಿಯೇ ಹೋಗಿದ್ದು. ಪ್ರತಿ ಸಲ ಬಾತ್‌ರೂಮಿನ ನೆಲ ಒದ್ದೆ. ನಮಗಾಗಿ ತೊಳೆದಿದ್ದಾರೆ ಪಾಪ ಅಂದುಕೊಂಡಿದ್ದೆ. ಅವರು ಮಾಡುತ್ತಿದ್ದದ್ದು ಬೇರೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ತುಕ್ಕು ನೀರನ್ನು, ನಾವು ಬರುವಷ್ಟರಲ್ಲಿ ಹರಿಸಿ ಮುಗಿಸುತ್ತಿದ್ದರು.

ನನ್ನ ಹೆಂಡತಿ ಒಂದು ಮಾತು ಕೇಳಿದ್ದಳು. "ರೀ, ಮನೆಯೆಲ್ಲ ಹಳೇ ಬಣ್ಣ, ಈ ಗೋಡೆಗೊಂದಕ್ಕೆ ಯಾಕೆ ಹೊಸದು?" ಬಾತ್‌ರೂಮಿಗೆ ಅಂಟಿಕೊಂಡ ಗೋಡೆ. ಅದಕ್ಕೆ ಒರಗಿ ಒಂದು ದೊಡ್ಡ ಮರದ ಬೀರು. ಯಜಮಾನರು ನಕ್ಕು, "ಆ ಬೀರು ನಿಮಗೇ ಇರಲಿ ತಾಯಿ, ನನ್ನ ನೆನಪಿಗೆ" ಅಂದರು. ನಾನು ಅವಳಿಗೆ ಕಣ್ಣಲ್ಲೇ ಸುಮ್ನಿರು ಅಂದೆ. ಈಗ ಅವಳು ಏನೂ ಅನ್ನುವುದಿಲ್ಲ. ಆ ಗೋಡೆ ಕಡೆ ನೋಡಿ, ನನ್ನ ಕಡೆ ನೋಡುತ್ತಾಳೆ, ಅಷ್ಟೇ.

ಮೊದಲ ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಕೆಂಪು ನೀರು. ನಾನು ಸ್ನಾನಕ್ಕೆ ನಿಂತಾಗ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟರೆ ಶವರ್ ಸತ್ತೇ ಹೋಗುತ್ತಿತ್ತು. ಹಿಂದಿನ ಬಾತ್‌ರೂಮಿನಲ್ಲಿ ಕೆಟ್ಟ ವಾಸನೆ. ಮನೆ ನೋಡುವಾಗಲೇ ಇತ್ತು. "ಬಳಸದ ಬಾತ್‌ರೂಮು, ಟ್ರ್ಯಾಪಿನ ನೀರು ಒಣಗಿದೆ, ಒಂದು ಬಕೆಟ್ ಹಾಕಿದ್ರೆ ಹೋಗುತ್ತೆ" ಅಂದಿದ್ದರು. ಮಾತೇನೋ ನಿಜವೇ. ಟ್ರ್ಯಾಪ್ ಅಂದರೆ ನೀರು ಹೊರಹೋಗುವ ಪೈಪಿನ ಬಾಗು. ಅದರಲ್ಲಿ ನಿಂತ ನೀರೇ ಚರಂಡಿ ಗಾಳಿಯನ್ನು ತಡೆಯುವುದು, ಬಳಸದಿದ್ದರೆ ಅದು ಒಣಗುತ್ತದೆ. ಆದರೆ ನಮ್ಮ ಮನೆಯಲ್ಲಿ ಎಷ್ಟು ಬಕೆಟ್ ಹಾಕಿದರೂ ವಾಸನೆ ಹೋಗಲಿಲ್ಲ. ಆಮೇಲೆ ಗೊತ್ತಾಯಿತು, ಅಲ್ಲಿ ಟ್ರ್ಯಾಪೇ ಇಲ್ಲ! ಪೈಪು ನೇರ ಚರಂಡಿಗೆ.

ಎರಡನೇ ತಿಂಗಳು ಬೀರುವಿನ ಪಕ್ಕ ಬಣ್ಣ ಉಬ್ಬಿತು. ಬೀರು ಎಳೆದೆವು. ಹಿಂದಿನ ಹಲಗೆ ಕಪ್ಪಾಗಿ ಊದಿಕೊಂಡಿತ್ತು. ಗೋಡೆಯ ಮೇಲೆ ಉಪ್ಪಿನ ಥರ ಬಿಳಿ ಪುಡಿ.

ಈ ಸಲ ನಾನೇ ಒಬ್ಬ ಪ್ಲಂಬರ್‌ನನ್ನು ಹುಡುಕಿ ಕರೆದೆ. ವಯಸ್ಸಾದವರು. ಗೋಡೆಯ ಹತ್ತಿರವೂ ಹೋಗಲಿಲ್ಲ, ಸೀದಾ ಮೀಟರ್ ಹತ್ತಿರ ಹೋದರು. ಎಲ್ಲಾ ನಲ್ಲಿ ಮುಚ್ಚಿಸಿದರು. ಟ್ಯಾಂಕು ತುಂಬಿತ್ತು, ಅದಕ್ಕೆ ಹೋಗುವ ವಾಲ್ವನ್ನೂ ಮುಚ್ಚಿಸಿದರು. ಮೀಟರ್ ಮುಳ್ಳು ತಿರುಗುತ್ತಲೇ ಇತ್ತು. "ಒಂದು ಹನಿನೂ ಯಾರೂ ಬಳಸ್ತಿಲ್ಲ, ಇದು ಹೋಗ್ತಿರೋದೆಲ್ಲಿಗೆ ಹೇಳಿ" ಅಂದರು. ಆಮೇಲೆ ಗೋಡೆ ಕೆತ್ತಿದರು. ಹೊಸ ಸಿಮೆಂಟಿನ ಒಳಗೆ ಹಳೇ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಅದರ ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ಎಂ-ಸೀಲ್ ಮೆತ್ತಿ, ತಂತಿ ಬಿಗಿದಿದ್ದರು. ಪೈಪಿನ ಒಂದು ತುಂಡು ಕತ್ತರಿಸಿ ನನ್ನ ಕೈಗೆ ಕೊಟ್ಟರು. ಹೊರಗೆ ಗಟ್ಟಿಮುಟ್ಟು. ಒಳಗೆ ತುಕ್ಕು ಕಟ್ಟಿ ಕಟ್ಟಿ, ಒಂದು ಪೆನ್ಸಿಲ್ ತೂರುವಷ್ಟೇ ದಾರಿ. ಕಬ್ಬಿಣದ ಮೇಲಿನ ಸತುವಿನ ಲೇಪ ವರ್ಷಗಳಲ್ಲಿ ಸವೆದರೆ ಹೀಗೇ ಆಗುವುದಂತೆ.

ಸಿಟ್ಟಿಗೆ "ನಮ್ಮ ಹುಡುಗ"ನಿಗೆ ಫೋನ್ ಮಾಡಿದೆ. ಗೋಡೆಯೊಳಗೆ ಟ್ಯೂಬ್ ಸುತ್ತಿದೆಯಲ್ಲಪ್ಪ, ಏನಿದು ಅಂದೆ.

"ಓ ಅದಾ ಸಾರ್? ಅದು ನಾನೇ ಕಟ್ಟಿದ್ದು. ಇಷ್ಟು ದಿನ ಹಿಡ್ಕೊಂಡಿತ್ತಾ? ಆರು ತಿಂಗಳು ಬಂದ್ರೆ ಜಾಸ್ತಿ ಅಂತ ಯಜಮಾನ್ರಿಗೆ ಆವತ್ತೇ ಹೇಳಿದ್ದೆ."

ನಾನು ಕೂತುಬಿಟ್ಟೆ. ಮತ್ತೆ ನನಗೆ ಯಾಕೆ ಹೇಳಲಿಲ್ಲ?

"ನೀವು ಕೇಳ್ಲಿಲ್ಲ ಸಾರ್. ನಲ್ಲಿ ಚೆಕ್ ಮಾಡಿ ತೋರ್ಸು ಅಂದ್ರು, ತೋರ್ಸ್ದೆ."

ಅವನ ದನಿಯಲ್ಲಿ ಕಳ್ಳತನವೇ ಇರಲಿಲ್ಲ. ಸುಳ್ಳು ಹೇಳಿದ್ದರೆ ಬೈದು ಫೋನ್ ಇಡಬಹುದಿತ್ತು. ಹೌದು, ನಾನು ಕೇಳಿರಲಿಲ್ಲ. ಕೇಳಿರಲೇ ಇಲ್ಲ.

ಯಜಮಾನರ ಉತ್ತರಗಳು ಇನ್ನೂ ಚೆಂದ. ಮೊದಲು, "ಅಯ್ಯೋ ಹೌದಾ? ನಾವಿದ್ದಾಗ ಒಂದು ಹನಿ ಸೋರಿರಲಿಲ್ಲ." ಪ್ಲಂಬರ್ ಎಲ್ಲಾ ಹೇಳಿದ ಅಂದೆ. "ಅವನು ಹತ್ತು ಮನೆ ಕೆಲಸ ಮಾಡ್ತಾನೆ, ಯಾವುದೋ ಮನೆ ನೆನಪು ಇರಬೇಕು." ಫೋಟೋ ಕಳಿಸಿದೆ. "ನೀವು ನೀರು ಜಾಸ್ತಿ ಬಳಸ್ತೀರೇನೋ, ನಾವು ಇಬ್ಬರೇ ಅಲ್ವಾ ಇದ್ದಿದ್ದು." ನೀರು ಜಾಸ್ತಿ ಬಳಸಿದರೆ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿಕೊಳ್ಳುತ್ತದಾ ಸ್ವಾಮಿ? ಅದಕ್ಕೆ ಎರಡು ದಿನ ಉತ್ತರವಿಲ್ಲ. ಮೂರನೇ ದಿನ, ಅಷ್ಟು ದಿನ "ನೀವು ನನ್ನ ಮಗನ ಹಾಗೆ" ಅನ್ನುತ್ತಿದ್ದವರು ಹೀಗೆ ಬರೆದರು: "ಇದ್ದ ಸ್ಥಿತಿಯಲ್ಲಿ ಕೊಂಡಿದ್ದೇವೆ ಅಂತ ಪತ್ರದಲ್ಲಿ ನಿಮ್ಮ ಸಹಿ ಇದೆ. ಅಲ್ಲದೆ ಪ್ಲಂಬರ್ ಕೈಲಿ ಚೆಕ್ ಮಾಡಿಸಿಯೇ ತಗೊಂಡಿದ್ದೀರಿ."

ನೋಡಿದಿರಾ? ಅವರದೇ ಪ್ಲಂಬರ್, ಅವರದೇ ಚೆಕಿಂಗ್, ಈಗ ನನ್ನ ಬಾಯಿ ಮುಚ್ಚಿಸಲು ಅದೇ ಸಾಕ್ಷಿ.

ಹಾಗಾಗಿ ಹೇಳುತ್ತೇನೆ. ಪ್ಲಂಬರ್ ನಿಮ್ಮವನಾಗಿರಲಿ, ಅವನ ಕೂಲಿ ನೀವೇ ಕೊಡಿ. ಬೆಳಿಗ್ಗೆ ಅವರಿನ್ನೂ ನಲ್ಲಿ ಬಿಡುವ ಮೊದಲೇ ಹೋಗಿ. ಮೊದಲ ನೀರಿನ ಬಣ್ಣ ನೋಡಿ. ಎರಡು ಮೂರು ನಲ್ಲಿ ಒಟ್ಟಿಗೆ ಬಿಡಿ, ಫ್ಲಶ್ ಮಾಡಿ. ಮೀಟರ್ ಇಲ್ಲದಿದ್ದರೆ ರಾತ್ರಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಯಾರೂ ಬಳಸದೆ ಬೆಳಿಗ್ಗೆ ನೋಡಿ. ಗೋಡೆಯೊಳಗಿನ ಪೈಪಿಗೆ ಪ್ರೆಶರ್ ಟೆಸ್ಟ್ ಮಾಡಿಸಿ. ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದಾ ಅಂತ ನೋಡುವುದು, ಅಷ್ಟೇ ಕೆಲಸ. ಬೇಡ ಅಂದರೆ ಎದ್ದು ಬನ್ನಿ. ಏನು ರಿಪೇರಿ ಆಗಿದೆ ಅಂತ ಬರವಣಿಗೆಯಲ್ಲೇ ಕೇಳಿ. ಬೀರು, ಸೋಫಾ, ಕ್ಯಾಲೆಂಡರ್ ಯಾವುದೇ ಇರಲಿ, ಸರಿಸಿ ಹಿಂದೆ ನೋಡಿ. ಯಾರು ಏನಂದುಕೊಂಡರೂ ಸರಿ. ಹೆಂಡತಿ ಏನಾದರೂ ಕೇಳಿದರೆ ಅವಳಿಗೆ ಸುಮ್ನಿರು ಅನ್ನಬೇಡಿ.

ಈಗ ಪೈಪೆಲ್ಲ ಹೊಸದಾಗಿ ಹಾಕಿಸುತ್ತಿದ್ದೇವೆ. ಬಾತ್‌ರೂಮಿನ ಟೈಲ್ಸ್ ಎಲ್ಲಾ ಒಡೆದಾಗಿದೆ, ಮನೆ ತುಂಬ ಧೂಳು. ನಿನ್ನೆ ಯಜಮಾನರಿಂದ ಮತ್ತೊಂದು ಮೆಸೇಜ್ ಬಂತು. ದುಡ್ಡಿನ ಮಾತಿರಬಹುದು ಅಂತ ಆಸೆಯಿಂದ ತೆರೆದೆ. ಬೀರು ಬೇಡವಾದರೆ ವಾಪಸ್ ಕಳಿಸಬೇಕಂತೆ.