ಹಂಚು, ತಾರಸಿ, ಶೀಟ್: ಮಲೆನಾಡಿನ ಮಳೆಗೆ ಯಾವ ಮಾಡು?

ತೀರ್ಥಹಳ್ಳಿ ಕಡೆ ಹೊಸ ಮನೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಮಾಡಿನದು, ಅಂದರೆ ಛಾವಣಿಯದು: "ಮಾಡಿಗೆ ಏನು ಹಾಕಿಸ್ತೀರಿ?" ಉತ್ತರ ಏನೇ ಹೇಳಿ, ಎದುರಿಗಿದ್ದವರು ಅದು ಬೇಡ ಅನ್ನೋದಕ್ಕೆ ಕಾರಣ ಇಟ್ಟುಕೊಂಡೇ ಬಂದಿರುತ್ತಾರೆ.

ನಾನು ಮೂರರ ಕೆಳಗೂ ಮಳೆಗಾಲ ಕಳೆದಿದ್ದೇನೆ. ಹುಟ್ಟಿ ಬೆಳೆದದ್ದು ಹಂಚಿನ ಮನೆಯಲ್ಲಿ. ಶಿವಮೊಗ್ಗದಲ್ಲಿ ಕೆಲಸಕ್ಕಿದ್ದಾಗ ಬಾಡಿಗೆಗೆ ಇದ್ದದ್ದು ತಾರಸಿ ಮನೆಯ ಮೇಲಿನ ಮಹಡಿ. ಊರಿಗೆ ವಾಪಸ್ ಬಂದ ಮೇಲೆ ಹಳೇ ಮನೆಯ ಹಿಂಭಾಗದ ಹಂಚು ಇಳಿಸಿ ಬಣ್ಣದ ಶೀಟ್ ಹಾಕಿಸಿದೆವು. ಈಗ ಪಕ್ಕದಲ್ಲೇ ಹೊಸ ಮನೆಯ ಗೋಡೆ ಏಳುತ್ತಿದೆ, ಹಾಗಾಗಿ ಮನೆಯಲ್ಲಿ ದಿನವೂ ಇದೇ ಚರ್ಚೆ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಮೇಲೆ ಕಟ್ಟದೆ ಬಟ್ಟೆ ಒಣಗುವುದಿಲ್ಲ. ಇಂಥ ಮಳೆಯಲ್ಲಿ ಯಾವ ಮಾಡಾದರೂ ಒಂದಲ್ಲ ಒಂದು ವರ್ಷ ಸೋರಿಯೇ ಸೋರುತ್ತದೆ. ಅದಕ್ಕೇ ನನಗೆ ಮುಖ್ಯ ಅನ್ನಿಸುವುದು ಸೋರಿದ ದಿನದ ಮಾತು. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತಾ? ಮಳೆ ಬರುತ್ತಿರುವಾಗಲೇ ಸರಿ ಮಾಡಬಹುದಾ? ನಾವೇ ಮಾಡಬಹುದಾ, ಪೇಟೆಯಿಂದ ಯಾರಾದರೂ ಬರಬೇಕಾ?

ಈ ವಿಷಯದಲ್ಲಿ ಹಂಚಿಗೆ ಸಾಟಿ ಇಲ್ಲ. ಅಟ್ಟ ಹತ್ತಿ ನೋಡಿದರೆ ಹಂಚು ಒಡೆದ ಜಾಗದಲ್ಲಿ ಬೆಳಕು ಕಾಣುತ್ತದೆ. ಒಳಗಿನಿಂದಲೇ ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ ಹಿಡಿದು, ಒಡೆದದ್ದನ್ನು ಎಳೆದು ತೆಗೆದು, ಆ ಸಂದಿಗೆ ಹೊಸದನ್ನು ತೂರಿಸಬೇಕು. ಹಂಚಿನ ಅಡಿಯಲ್ಲಿರುವ ಉಬ್ಬು ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಸಿಕ್ಕಿಕೊಂಡಿತಾ ಅಂತ ಬೆರಳಲ್ಲಿ ಮುಟ್ಟಿ ನೋಡಬೇಕು, ಪಕ್ಕದ ಹಂಚಿನ ಗಾಡಿಯಲ್ಲಿ (ಅಂಚಿನ ತೋಡಿನಲ್ಲಿ) ಅಂಚು ಕೂತಿತಾ ನೋಡಬೇಕು. ಅಷ್ಟೇ. ಆಷಾಢದ ಜಡಿಮಳೆಯಲ್ಲೂ ತಲೆ ನೆನೆಯದೆ ಮಾಡುವ ಕೆಲಸ ಇದು. ನಮ್ಮಮ್ಮ ಎಷ್ಟೋ ಸಲ ಒಬ್ಬಳೇ ಮಾಡಿದ್ದಾಳೆ.

ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹಂಚು ನಮ್ಮಲ್ಲಿ ತಯಾರಾಗಲು ಶುರುವಾದದ್ದು 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಕಾರ್ಖಾನೆ ಹಾಕಿದರು. ಅದಕ್ಕೂ ಮೊದಲು ಇದ್ದದ್ದು ನಾಡಹಂಚು, ಇಲ್ಲವೇ ಹುಲ್ಲು, ಸೋಗೆ. ನಾಡಹಂಚನ್ನು ಒತ್ತೊತ್ತಾಗಿ ಹೊದೆಸಬೇಕು, ಸ್ವಲ್ಪ ಜಾರಿದರೂ ಸೋರುತ್ತದೆ. ಮಂಗಳೂರು ಹಂಚಾದರೆ ಒಂದು ಚದರ ಮೀಟರಿಗೆ ಸುಮಾರು 15 ಸಾಕು. 1000 ಚದರಡಿ ಮಾಡಿಗೆ ಹೆಚ್ಚುಕಡಿಮೆ 1400 ಹಂಚು, ತೂಕ ಮೂರೂವರೆ ಟನ್ ಅಂದುಕೊಳ್ಳಿ. ಅದೇ ಅಳತೆಗೆ 5 ಇಂಚಿನ ಕಾಂಕ್ರೀಟ್ ತಾರಸಿ ಹಾಕಿದರೆ 29 ಟನ್ ಹತ್ತಿರ ಹೋಗುತ್ತದೆ. ಹಳೇ ಮಣ್ಣಿನ ಗೋಡೆ ಉಳಿಸಿಕೊಂಡು ಮಾಡು ಮಾತ್ರ ಬದಲಾಯಿಸುವ ಯೋಚನೆ ಇದ್ದವರು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ತಾರಸಿಯ ಆಸೆ ಅಲ್ಲಿಗೇ ಮುಗಿಯುತ್ತದೆ.

ಬೇಸಿಗೆಯಲ್ಲೂ ಹಂಚೇ ಹಿತ. ಸಂದಿಗಳಲ್ಲಿ ಗಾಳಿ ಆಡುತ್ತದೆ, ಬಿಸಿ ಗಾಳಿ ಮೇಲಿನಿಂದಲೇ ಹೊರಗೆ ಹೋಗುತ್ತದೆ. ಅಡುಗೆಮನೆ, ಬಚ್ಚಲೊಲೆ ಇರುವ ಮನೆಗಳಿಗೆ ಇದು ಬಹಳ ಮುಖ್ಯ. ಹೊಗೆ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ, ಹೋಗುವಾಗ ಪಕಾಸಿಗೂ (ರೀಪು ಹೊರುವ ಇಳಿಜಾರು ಮರಕ್ಕೂ) ರೀಪಿಗೂ ಮಸಿ ಮೆತ್ತಿ ಹೋಗುತ್ತದೆ. ಹೊಗೆ ಕುಡಿದ ಮರಕ್ಕೆ ಹುಳ ಬೀಳೋದು ಕಡಿಮೆ. ನಮ್ಮ ಬಚ್ಚಲಿನ ಪಕಾಸಿ ಮನೆ ಕಟ್ಟಿದಾಗಿನದು, ಕರಿ ಹಿಡಿದು ಹೊಳೆಯುತ್ತಿದೆ. ಹೊಗೆ ಇಲ್ಲದ ಕೋಣೆಗಳ ರೀಪು ಎರಡು ಸಲ ಬದಲಾಗಿದೆ.

ಹಾಗಾದರೆ ಜನ ಹಂಚು ಬಿಡುತ್ತಿರೋದು ಯಾಕೆ? ಒಂದೇ ಶಬ್ದದಲ್ಲಿ ಹೇಳುವುದಾದರೆ, ಮಂಗ. ಹಲಸಿನ ಮರದಿಂದ ಮಾಡಿಗೆ ಒಂದು ಗುಂಪು ಜಿಗಿದರೆ ಐದಾರು ಹಂಚು ಹೋಯ್ತು ಅಂತಲೇ ಲೆಕ್ಕ. ಕೆಲವು ಕಿಲಾಡಿಗಳು ಹಂಚು ಎತ್ತಿ ಒಳಗೆ ಇಣುಕುತ್ತವೆ. ಬಾಳೆಗೊನೆ ಕಂಡರೆ ಇಳಿದೇ ಬಿಡುತ್ತವೆ. ಎರಡನೇ ಕಾರಣ ಆಳು. ಮೇ ತಿಂಗಳಲ್ಲಿ ಹಂಚು ಕೈಯಾಡಿಸಬೇಕು. ಕಸ, ತರಗೆಲೆ, ಪಾಚಿ ತೆಗೆದು, ಬಿರುಕು ಬಿಟ್ಟದ್ದನ್ನು ಬದಲಾಯಿಸಿ, ಸಾಲು ಸರಿಮಾಡಬೇಕು. ಈ ಕೆಲಸಕ್ಕೆ ಮಾಡು ಹತ್ತುವವರು ಈಗ ಊರಿಗೊಬ್ಬರು ಸಿಕ್ಕರೆ ಪುಣ್ಯ. ಆ ಒಬ್ಬರೂ ಮೇ ತಿಂಗಳಲ್ಲೇ ಎಲ್ಲರಿಗೂ ಬೇಕು! ಮೂರನೆಯದು ಮರ. ಹಂಚಿನ ಮಾಡಿನಲ್ಲಿ ದುಡ್ಡು ಹೋಗೋದು ಹಂಚಿಗಲ್ಲ, ಕೆಳಗಿನ ಮರಕ್ಕೆ ಮತ್ತು ಆಚಾರ್ರ ಕೂಲಿಗೆ. ಈಗೀಗ ಕಬ್ಬಿಣದ ಚೌಕ ಪೈಪಿನ ಟ್ರಸ್ ಮಾಡಿ ಅದರ ಮೇಲೆ ಹಂಚು ಹೊದೆಸುತ್ತಾರೆ. ನೋಡೋಕೆ ಮರದಷ್ಟು ಚಂದ ಇಲ್ಲ, ಆದರೆ ಗೆದ್ದಲಿನ ಚಿಂತೆ ಇಲ್ಲ. ಪೈಪ್ ನೆಟ್ಟಗೆ ಇರುವುದರಿಂದ ಸಾಲೂ ನೆಟ್ಟಗೆ ಕೂರುತ್ತದೆ. ಇಳಿಜಾರು ಮಾತ್ರ 30 ಡಿಗ್ರಿಗಿಂತ ಕಡಿಮೆ ಮಾಡಬೇಡಿ. ಕಡಿಮೆಯಾದರೆ ಗಾಳಿ ಮಳೆಯ ನೀರು ಸಂದಿಯಲ್ಲಿ ಹಿಂದಕ್ಕೆ ಏರುತ್ತದೆ.

ಇನ್ನು ತಾರಸಿ. ಮಂಗನ ಕಾಟ ಇಲ್ಲ, ಕಳ್ಳರ ಭಯ ಕಡಿಮೆ, ನೀರಿನ ಟ್ಯಾಂಕ್ ಇಡಬಹುದು, ಮುಂದೆ ಮೇಲೊಂದು ಕೋಣೆ ಎತ್ತಬಹುದು. ಅಡಿಕೆ ಬೆಳೆಗಾರರಿಗೆ ಇನ್ನೊಂದು ಆಸೆ: ಮೇಲೆ ಅಡಿಕೆ ಒಣಗಿಸಬಹುದು. ಇದೆಲ್ಲ ನಿಜ. ಆದರೆ ಸೋರಲು ಶುರುವಾದರೆ ತಾರಸಿಯಷ್ಟು ಸತಾಯಿಸುವ ಮಾಡು ಬೇರೆ ಇಲ್ಲ. ನೀರು ಒಳಗೆ ಇಳಿಯುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಕಾಂಕ್ರೀಟಿನ ಸೀಳಿನಲ್ಲಿ, ಕಂಬಿಯ ಗುಂಟ ಹರಿದು ಎಲ್ಲಿ ದಾರಿ ಸಿಗುತ್ತೋ ಅಲ್ಲಿ ಹೊರಗೆ ಬರುತ್ತದೆ. ಶಿವಮೊಗ್ಗದ ಮನೆಯಲ್ಲಿ ಫ್ಯಾನಿನ ಕೊಕ್ಕೆಯ ಸುತ್ತ ಒದ್ದೆ ವರ್ತುಲ ಬರುತ್ತಿತ್ತು. ಮನೆ ಮಾಲೀಕರು ಅದರ ನೇರ ಮೇಲೆ ಸಿಮೆಂಟ್ ಮೆತ್ತಿಸಿದರು, ರಾಸಾಯನಿಕ ಬಳಿಸಿದರು. ಮುಂದಿನ ಮಳೆಗೆ ವರ್ತುಲ ಒಂದಡಿ ಆಚೆ ಹೋಯ್ತು. ಕೊನೆಗೆ ನೋಡಿದರೆ ನೀರು ಇಳಿಯುತ್ತಿದ್ದದ್ದು ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ. ಹೀಗೆ ನೀರು ಕುಡಿದ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕೆಳಗಿನ ಸಿಮೆಂಟ್ ಹಪ್ಪಳ ಎದ್ದು ಬೀಳುತ್ತದೆ. ಅಷ್ಟು ಹೊತ್ತಿಗೆ ರಿಪೇರಿ ಸಣ್ಣದಾಗಿರುವುದಿಲ್ಲ.

ಸೆಖೆಯದೂ ಒಂದು ಕಥೆ. ಕಾಂಕ್ರೀಟ್ ಹಗಲಿಡೀ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತದೆ. ಏಪ್ರಿಲ್‌ನಲ್ಲಿ ಹೊರಗೆ ತಂಗಾಳಿ, ಒಳಗೆ ಹತ್ತು ಗಂಟೆಯಾದರೂ ಗೋಡೆ ಬೆಚ್ಚಗೆ. ಬಿಳಿ ಬಣ್ಣ ಬಳಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ನಮ್ಮ ಮಳೆಗೆ ಅದು ಒಂದೇ ವರ್ಷದಲ್ಲಿ ಪಾಚಿ ಬಣ್ಣಕ್ಕೆ ತಿರುಗುತ್ತದೆ.

ನಮ್ಮೂರಿನ ತಾರಸಿ ಮನೆಗಳನ್ನು ಒಂದು ಸುತ್ತು ನೋಡಿ ಬನ್ನಿ. ಮುಕ್ಕಾಲು ಮನೆಗಳ ತಾರಸಿಯ ಮೇಲೆ ಕಂಬ ನಿಲ್ಲಿಸಿ ಶೀಟ್ ಹೊದೆಸಿದ್ದಾರೆ. ಅಂದರೆ ಮಾಡಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಯ್ತು, ಅಲ್ವಾ? ಹಾಗೆ ಮಾಡಿದವರಿಗೆ ಅಡಿಕೆ ಸುಲಿಯಲು, ಬಟ್ಟೆ ಒಣಗಿಸಲು ಒಳ್ಳೆಯ ಜಾಗ ಸಿಗುತ್ತದೆ, ಅದನ್ನು ಅಲ್ಲಗಳೆಯಲ್ಲ. ಬಜೆಟ್ ಹಾಕುವಾಗಲೇ ಆ ಶೀಟಿನ ಖರ್ಚನ್ನೂ ಸೇರಿಸಿಕೊಳ್ಳಿ ಅಂತ ಹೇಳುತ್ತೇನೆ, ಅಷ್ಟೆ. ಇಳಿಜಾರು ತಾರಸಿ ಹಾಕಿ ಮೇಲೆ ಸಿಮೆಂಟಿನಲ್ಲಿ ಹಂಚು ಅಂಟಿಸುವ ಇನ್ನೊಂದು ಪದ್ಧತಿ ಇದೆ. ನೀರು ನಿಲ್ಲೋದಿಲ್ಲ, ಅದು ಒಳ್ಳೆಯದೇ. ಆದರೆ ಅಲ್ಲಿ ಹಂಚು ಬರೀ ಶೋಕಿ. ಒಡೆದರೆ ಕೆತ್ತಿ ತೆಗೆಯಬೇಕು.

ಬಣ್ಣದ ಶೀಟ್ ವಿಷಯದಲ್ಲಿ ನನ್ನ ಮನಸ್ಸು ಇಬ್ಭಾಗ. ಹಾಕೋದು ಸಲೀಸು. ಬೆಳಿಗ್ಗೆ ಲಾರಿಯಲ್ಲಿ ಬಂದದ್ದು ಸಂಜೆಗೆ ಮಾಡಿನ ಮೇಲೆ. ಹಗುರ, ಕೈಯಾಡಿಸುವ ಗೋಜಿಲ್ಲ, ಮಂಗ ಕುಣಿದರೆ ಗಲಾಟೆ ಆಗುತ್ತದೆಯೇ ಹೊರತು ಒಡೆಯುವುದಿಲ್ಲ. ಸದ್ದಿನ ವಿಷಯ ಮಾತ್ರ ಕೇಳಬೇಡಿ. ಜೋರು ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತು ಕೇಳೋದಿಲ್ಲ. ಅಪ್ಪಯ್ಯ ಫೋನ್ ಎತ್ತಿ, "ಮಳೆ ಬಿಟ್ಟ ಮೇಲೆ ಮಾಡು ಮಾರಾಯ" ಅಂತ ಕೂಗಿ ಇಟ್ಟುಬಿಡುತ್ತಾರೆ. ಬಿಸಿಲು ಬಿದ್ದರೆ ಶೀಟ್ ಕ್ಷಣದಲ್ಲಿ ಕಾಯುತ್ತದೆ, ಸಂಜೆಯಾದರೆ ಅಷ್ಟೇ ಬೇಗ ತಣಿಯುತ್ತದೆ. ರಾತ್ರಿಯ ಮಟ್ಟಿಗೆ ತಾರಸಿಗಿಂತ ವಾಸಿ. ಚಳಿಗಾಲದಲ್ಲಿ ಇನ್ನೊಂದು ಪೀಕಲಾಟ: ಒಳಗಿನ ಹಬೆ ತಣ್ಣನೆ ತಗಡಿಗೆ ತಾಗಿ ಬೆಳಗಿನ ಜಾವ ಹನಿ ಹನಿ ಬೀಳುತ್ತದೆ. ಒಲೆ ಇರುವ ಕಡೆ ಆ ಹನಿಗೆ ಮಸಿ ಸೇರಿ ಕಪ್ಪು ನೀರು. ಒಗೆದಿಟ್ಟ ಬಿಳಿ ಪಂಚೆಯ ಮೇಲೆ ಬಿದ್ದ ಕಲೆ ಇನ್ನೂ ಹೋಗಿಲ್ಲ.

ಶೀಟ್ ಸೋರೋದು ಹೆಚ್ಚಾಗಿ ಸ್ಕ್ರೂ ಹೊಡೆದ ಜಾಗದಲ್ಲಿ. ಸ್ಕ್ರೂ ತಲೆಯ ಕೆಳಗೆ ಕರಿ ರಬ್ಬರ್ ವಾಷರ್ ಇರುತ್ತದೆ. ಬಿಸಿಲಿಗೆ ಅದು ಬಿರುಕು ಬಿಟ್ಟರೆ ನೀರು ಇಳಿಯುತ್ತದೆ. ಮೆಷಿನ್‌ನಲ್ಲಿ ಸ್ಕ್ರೂ ವಿಪರೀತ ಬಿಗಿದರೂ ವಾಷರ್ ಹಿಸುಕಿ ಹಾಳಾಗುತ್ತದೆ. ಪುಣ್ಯಕ್ಕೆ ಇದೂ ಕಣ್ಣಿಗೆ ಕಾಣುವ ಸೋರಿಕೆ, ಏಣಿ ಇಟ್ಟು ಸ್ಕ್ರೂ ಬದಲಾಯಿಸಿದರೆ ಮುಗೀತು. ಆದರೆ ಮಳೆಯಲ್ಲಿ ಒದ್ದೆ ಶೀಟಿನ ಮೇಲೆ ಕಾಲಿಡೋ ಸಾಹಸ ಯಾರೂ ಮಾಡಬೇಡಿ. ಕೊಳ್ಳುವಾಗ ದಪ್ಪ ಕೇಳುವುದು ಹೇಗೆ ಅಂತಲೂ ತಿಳಿದಿರಲಿ. ಅಂಗಡಿಯವರು 0.50 ಮಿಲಿಮೀಟರ್ ಅಂದರೆ ಅದು ಲೇಪ, ಬಣ್ಣ ಎಲ್ಲ ಸೇರಿದ ದಪ್ಪವೋ, ಬರೀ ತಗಡಿನ ದಪ್ಪವೋ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಎರಡಕ್ಕೂ ವ್ಯತ್ಯಾಸ ಇದೆ. ಸೂರಿನ ಅಂಚಿನಲ್ಲಿ ಸ್ಕ್ರೂ ಹತ್ತಿರ ಹತ್ತಿರ ಇರಲಿ, ಗಾಳಿ ಎತ್ತುವುದು ಅಲ್ಲಿಂದಲೇ.

ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟ್ ಶೀಟ್ ಅಗ್ಗ, ಸದ್ದು ಕಡಿಮೆ. ನಮ್ಮ ದೇಶದಲ್ಲಿ ಈಗಲೂ ಸಿಗುತ್ತದೆ. ಆದರೆ ಕಲ್ನಾರಿನ ಎಳೆ ಉಸಿರಿಗೆ ಹೋದರೆ ಕ್ಯಾನ್ಸರ್ ಬರುತ್ತದೆ ಅನ್ನುವುದರಲ್ಲಿ ಅನುಮಾನ ಉಳಿದಿಲ್ಲ, ಯುರೋಪಿನ ಒಕ್ಕೂಟ 2005ರಿಂದ ಪೂರ್ತಿ ನಿಷೇಧಿಸಿದೆ. ಕತ್ತರಿಸುವಾಗ, ತೂತು ಹೊಡೆಯುವಾಗ, ಒಡೆದಾಗ ಏಳುವ ಧೂಳೇ ಅಪಾಯ. ನಾನು ಆ ಕಡೆ ತಲೆ ಹಾಕಲಿಲ್ಲ.

ಹೊಸ ಮನೆಗೆ ನಾವು ಎಲ್ಲದಕ್ಕೂ ಒಂದೇ ಮಾಡು ಅನ್ನೋದನ್ನೇ ಬಿಟ್ಟೆವು. ಜಗಲಿ, ನಡುಮನೆ, ಮಲಗುವ ಕೋಣೆಗಳಿಗೆ ಕಬ್ಬಿಣದ ಟ್ರಸ್ ಮೇಲೆ ಹಂಚು, ಒಳಗಡೆ ಸೀಲಿಂಗ್ ಹಂಚು. ಎರಡು ಪದರದ ನಡುವೆ ಗಾಳಿ ಇರುವುದರಿಂದ ಸೆಖೆ ಇನ್ನೂ ಕಡಿಮೆ, ಮೇಲಿನಿಂದ ಕಸ ಉದುರೋದೂ ನಿಲ್ಲುತ್ತದೆ. ಆದರೆ ಒಳಗಿನಿಂದ ಹಂಚು ಬದಲಾಯಿಸುವ ಅನುಕೂಲ ಅಲ್ಲಿ ಇರುವುದಿಲ್ಲ. ಅದಕ್ಕೆ ಆಚಾರ್ರು ಪ್ರತಿ ಕೋಣೆಯಲ್ಲೂ ಸೀಲಿಂಗ್ ಹಂಚಿನ ಒಂದು ಸಾಲನ್ನು ಕೈಯಲ್ಲಿ ತೆಗೆಯುವಂತೆ ಸಡಿಲ ಬಿಡುತ್ತೇನೆ ಅಂದಿದ್ದಾರೆ. ಅಡುಗೆಮನೆ, ಬಚ್ಚಲಿಗೆ ಬರೀ ಹಂಚು, ಮಧ್ಯೆ ಎರಡು ಗಾಜಿನ ಹಂಚು. ಟ್ಯಾಂಕ್ ಇಡಲು ಹಿಂದಿನ ಸಣ್ಣ ಕೋಣೆಗೆ ಮಾತ್ರ ತಾರಸಿ. ಕೊಟ್ಟಿಗೆಗೆ, ಅಂಗಳದ ಅಡಿಕೆ ಚಪ್ಪರಕ್ಕೆ ಶೀಟ್. ಹಲಸಿನ ಮರದ ಕೆಳಗೆ ಬರುವ ಮೂಲೆಗೂ ಶೀಟೇ. ಮಂಗಗಳು ಮೊದಲು ಇಳಿಯುವುದು ಅಲ್ಲಿ. ಮರ ಕಡಿಯೋಣ ಅಂದ ತಮ್ಮನಿಗೆ ಅಮ್ಮ ಸರಿಯಾಗಿ ಬೈದಳು.

ಹಂಚಿಗೆ ಹೊರಟವರು ಹಳೇ ಮನೆ ಬಿಚ್ಚಿದ ಕಡೆಯೂ ವಿಚಾರಿಸಿ. ಚೆನ್ನಾಗಿ ಬೆಂದ ಹಳೇ ಹಂಚು ಬೆರಳಿನ ಗೆಣ್ಣಲ್ಲಿ ಬಡಿದರೆ ಠಣ್ ಅನ್ನುತ್ತದೆ. ಬಿರುಕಿದ್ದರೆ ಅಥವಾ ಅರೆಬೆಂದಿದ್ದರೆ ಸದ್ದು ಮೊಂಡು. ಹಿಂಭಾಗದಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರು ನೋಡಿ, ಒಂದೇ ಹೆಸರಿನದು ಆರಿಸಿಕೊಳ್ಳಿ. ಬೇರೆ ಬೇರೆ ಕಾರ್ಖಾನೆಯ ಅಚ್ಚು ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಗಾಡಿ ಕೂರುವುದಿಲ್ಲ, ಅಲ್ಲೇ ಸೋರುತ್ತದೆ. ಬೇಕಾದ ಲೆಕ್ಕಕ್ಕಿಂತ ಇನ್ನೂರು ಹಂಚು ಜಾಸ್ತಿ ತಂದು ಕೊಟ್ಟಿಗೆ ಪಕ್ಕ ನಿಲ್ಲಿಸಿಡಿ. ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕಿವೆ, ಹತ್ತು ವರ್ಷ ಬಿಟ್ಟು ಅದೇ ಅಚ್ಚಿನ ಹಂಚು ಬೇಕೆಂದರೆ ಸಿಗುವ ಗ್ಯಾರಂಟಿ ಇಲ್ಲ.