ಡಿಸೆಂಬರ್ ರಜೆಗೆ ಮನಾಲಿ ‘ಸ್ಕೀ ರೆಸಾರ್ಟ್’ ಪ್ಯಾಕೇಜ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ನಾಚಿಕೆ ಆಗುತ್ತೆ. ಕ್ರಿಸ್‌ಮಸ್ ರಜೆಗೆ ಸ್ಕೀಯಿಂಗ್ ಹೋಗುತ್ತಿದ್ದೇವೆ ಅಂತ ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಆದರೆ ನಮಗೆ ಆ ಪ್ಯಾಕೇಜ್ ಮಾರಿದ ಏಜೆಂಟ್ ಮೊನ್ನೆ ಅದೇ ಬ್ರೋಶರ್ ಫೋಟೊವನ್ನು ಮತ್ತೆ ಸ್ಟೇಟಸ್‌ಗೆ ಹಾಕಿದ್ದಾನೆ. ನೋಡಿ ಮೈ ಉರಿದುಹೋಯಿತು. ಹೆಸರು ಹಾಕುವುದಿಲ್ಲ. ಬೆಂಗಳೂರಿನವನೇ, ಕನ್ನಡದವನೇ. ‘ನಮ್ಮವರು ಸರ್ ನೀವು, ನಿಮಗೆ ಮೋಸ ಮಾಡ್ತೀನಾ’ ಅಂದವನು.

ಐದು ಜನ. ನಾವು ಮೂವರು, ಅತ್ತೆ, ಮಾವ. 1,42,000 ರೂಪಾಯಿ, ವಿಮಾನದ ಟಿಕೆಟ್ ಬೇರೆ. ಡಿಸೆಂಬರ್ 24ರಿಂದ 29. ಬ್ರೋಶರ್‌ನಲ್ಲಿ ದಪ್ಪ ಅಕ್ಷರದಲ್ಲಿ ‘ಮನಾಲಿ ಸ್ಕೀ ರೆಸಾರ್ಟ್, ಸ್ಕೀಯಿಂಗ್ ಇನ್‌ಕ್ಲೂಡೆಡ್’. ಮೇಲೆ ಬೆಳ್ಳಗಿನ ಬೆಟ್ಟ, ಕೇಬಲ್ ಕಾರು, ಕೆಂಪು ಜಾಕೆಟ್ ಹಾಕಿಕೊಂಡು ಜಾರುತ್ತಿರುವ ಒಬ್ಬ ಹುಡುಗ. ಮಗಳು ಆ ಫೋಟೊ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದಳು.

ನಮ್ಮ ಕಡೆ ರೆಸಾರ್ಟ್ ಅಂದರೆ ಏನು ಗೊತ್ತಲ್ವಾ? ಈಜುಕೊಳ, ಬಫೆ, ರೇನ್ ಡ್ಯಾನ್ಸ್, ಸರ್ಕಾರ ಅಲ್ಲಾಡುವಾಗ ಎಂಎಲ್ಎಗಳು. ಸ್ಕೀ ರೆಸಾರ್ಟ್ ಅಂದರೆ ಅದಲ್ಲ. ಹಿಮದ ಇಳಿಜಾರು ಇರಬೇಕು, ಮೇಲಕ್ಕೆ ಹತ್ತಿಸುವ ಲಿಫ್ಟ್ ಇರಬೇಕು, ಬೂಟು ಬಾಡಿಗೆಗೆ ಸಿಗಬೇಕು, ಹೇಳಿಕೊಡುವವರು ಇರಬೇಕು. ಇದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ರೂಮಿಗೆ ಬ್ಯಾಗ್ ಹಾಕಿದ ಮೇಲೆ ರಿಸೆಪ್ಶನ್‌ಗೆ ಹೋಗಿ ನನ್ನ ಹರಕು ಹಿಂದಿಯಲ್ಲಿ ‘ಸ್ಕೀ ಮಾಡೋ ಜಾಗ ಎಲ್ಲಿ, ಹಿಂದುಗಡೆನಾ?’ ಅಂತ ಕೇಳಿದೆ. ಆ ಹುಡುಗ ನನ್ನ ಮುಖ ನೋಡಿದ. ಹಿಂದಿನ ಗೋಡೆ ನೋಡಿದ. ಆಮೇಲೆ ಪಾಪ ಮೆಲ್ಲಗೆ ಹೇಳಿದ, ಸರ್, ಸ್ಕೀ ಅನ್ನೋದು ಹೋಟೆಲಿನ ಹೆಸರು. ಹೆಸರು! ಹೋಟೆಲ್ ಇದ್ದದ್ದು ಮನಾಲಿಯಲ್ಲೂ ಅಲ್ಲ, ಕುಲ್ಲು ರಸ್ತೆಯಲ್ಲಿ ಪತ್ಲಿಕುಹಲ್ ಹತ್ತಿರ. ಅಲ್ಲಿಂದ ಮನಾಲಿಗೇ ಇಪ್ಪತ್ತು ಕಿಲೋಮೀಟರ್ ಹತ್ತಿರ, ಮನಾಲಿಯಿಂದ ಸ್ಕೀ ಮಾಡೋ ಜಾಗವಾದ ಸೋಲಂಗ್‌ಗೆ ಮತ್ತೆ ಹದಿಮೂರೋ ಹದಿನಾಲ್ಕೋ. ಹಿಂದುಗಡೆ ಸೇಬಿನ ತೋಟ, ಅದರಲ್ಲೂ ಎಲೆ ಉದುರಿದ ಬೋಳು ಗಿಡಗಳು. ನಾನು ಎಲ್ಲ ಗೊತ್ತಿದ್ದವನ ಹಾಗೆ ‘ಓ ಹೌದು ಹೌದು’ ಅಂದು ರೂಮಿಗೆ ವಾಪಸ್ ಬಂದೆ. ಹೆಂಡತಿಗೆ ರಾತ್ರಿಯವರೆಗೂ ಹೇಳಲಿಲ್ಲ.

ಮಾರನೇ ದಿನ ಸೋಲಂಗ್‌ಗೆ ಹೊರಟೆವು. ದಾರಿಯಲ್ಲಿ ನಂಬರ್ ಹಾಕಿದ ಅಂಗಡಿಗಳ ಸಾಲು ಇದೆ. ಡ್ರೈವರ್ ಅವನಿಗೆ ಬೇಕಾದ ಒಂದರ ಮುಂದೆ ತಾನೇ ನಿಲ್ಲಿಸಿದ. ಐದು ಜನಕ್ಕೂ ಸ್ನೋ ಡ್ರೆಸ್, ಗಂಬೂಟು. ತಲೆಗೆ 350. ಹಾಕಿಕೊಂಡು ಬಾಹ್ಯಾಕಾಶ ಯಾತ್ರಿಗಳ ಹಾಗೆ ಸೋಲಂಗ್‌ನಲ್ಲಿ ಇಳಿದರೆ ಎದುರಿಗೆ ಹಳದಿ ಹುಲ್ಲು. ಮೈದಾನ ಪೂರ್ತಿ ಹುಲ್ಲು. ಕುದುರೆ ಲದ್ದಿ. ಒಂದು ಮೂಲೆಯಲ್ಲಿ ನೆರಳಿನಲ್ಲಿ ಕರಗದೆ ಉಳಿದ ಕೊಳಕು ಹಿಮದ ತೇಪೆ, ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಷ್ಟೂ ಇರಲಿಲ್ಲ. ಅದರ ಮೇಲೆ ಇಬ್ಬರು ಹುಡುಗರು ಬಂದವರ ಕೈ ಹಿಡಿದು ಹತ್ತು ಹೆಜ್ಜೆ ಜಾರಿಸಿ ಫೋಟೊ ತೆಗೆದು ಕಳಿಸುತ್ತಿದ್ದರು. ಅದೇ ನಮ್ಮ ಇನ್‌ಕ್ಲೂಡೆಡ್ ಸ್ಕೀಯಿಂಗ್. ಮಗಳಿಗೆ ನಾಲ್ಕು ನಿಮಿಷ ಸಿಕ್ಕಿತು.

ಅತ್ತೆ ಸುತ್ತ ನೋಡಿ, ‘ಇದಕ್ಕಿಂತ ಜಾಸ್ತಿ ಮಂಜು ನಮ್ಮ ಮಡಿಕೇರಿಯಲ್ಲೇ ಇರುತ್ತಲ್ಲಪ್ಪ’ ಅಂದರು. ಅವರು ಹೇಳಿದ್ದು ಬೇರೆ ಮಂಜು. ಆದರೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲೇ ನಿಂತು ಏಜೆಂಟ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಇದನ್ನು ನೀವು ನೋಡಲೇಬೇಕು.

‘ಸರ್ ಸ್ನೋ ನಮ್ಮ ಕೈಯಲ್ಲಿ ಇಲ್ಲ ಸರ್, ದೇವರ ಕೈಯಲ್ಲಿದೆ.’

ಸರಿ, ಆದರೆ ನೀನು ಬುಕ್ ಮಾಡಿಸುವಾಗ ‘ಡಿಸೆಂಬರ್ ಬೆಸ್ಟ್ ಸೀಸನ್ ಸರ್, ಮೊಣಕಾಲುದ್ದ ಸ್ನೋ’ ಅಂದಿದ್ದೆಯಲ್ಲ, ಆಗ ದೇವರನ್ನು ಕೇಳಿದ್ದೆಯಾ? ಅದಕ್ಕೆ ಎರಡು ಗಂಟೆ ಬಿಟ್ಟು, ‘ಸರ್ ಸರಿಯಾಗಿ ಓದಿ, ಸಬ್ಜೆಕ್ಟ್ ಟು ವೆದರ್ ಅಂತ ಕೊನೇ ಪೇಜಲ್ಲಿದೆ.’ ಇದೆ. ಇರುವೆ ಸೈಜಿನ ಅಕ್ಷರದಲ್ಲಿ ಇದೆ. ಹೋಟೆಲ್ ವಿಷಯ ಕೇಳಿದರೆ, ‘ರೆಸಾರ್ಟ್ ನೇಮ್ ಅದೇ ಸರ್, ನಾವೇನು ಸುಳ್ಳು ಹೇಳಿಲ್ಲ.’ ಕೊನೆಗೆ, ‘ಅಟಲ್ ಟನೆಲ್ ದಾಟಿ ಕೊಕ್ಸರ್ ಕಡೆ ಹೋದರೆ ಸ್ನೋ ಸಿಗುತ್ತೆ, ಗಾಡಿಗೆ ಎಕ್ಸ್‌ಟ್ರಾ 6,000 ಆಗುತ್ತೆ.’

ಕೊಟ್ಟೆ. ಹೌದು, ಅದನ್ನೂ ಕೊಟ್ಟೆ, ಬೈಯಬೇಡಿ, ಮಗಳ ಮುಖ ನೋಡಲಾಗಲಿಲ್ಲ. ಒಂಬತ್ತು ಕಿಲೋಮೀಟರ್ ಸುರಂಗ ದಾಟಿದ ಮೇಲೆ ಹಿಮ ಇತ್ತು, ಸುಳ್ಳಲ್ಲ. ಆದರೆ ಅಲ್ಲಿ ಲಿಫ್ಟೂ ಇಲ್ಲ, ಕಲಿಸುವವರೂ ಇಲ್ಲ. ನಿಂತು ಫೋಟೊ ತೆಗೆಸಿಕೊಳ್ಳುವ ಹಿಮ, ಪಕ್ಕದಲ್ಲಿ ಮ್ಯಾಗಿ.

ವಾಪಸ್ ಬಂದಮೇಲೆ ಹೆಂಡತಿಯ ತಮ್ಮ ಗೋಡೆಯ ಮೇಲಿನ ಫೋಟೊ ನೋಡಿ ಕೇಳಿದ, ‘ಭಾವ, ಇದು ಗುಲ್ಮಾರ್ಗ್ ಗೊಂಡೋಲ ಅಲ್ವಾ?’ ಅವನು ಹೋಗಿ ಬಂದವನು. ಅಲ್ಲಿ ಕೇಬಲ್ ಕಾರು ಎರಡು ಹಂತದಲ್ಲಿ ಹೋಗುತ್ತೆ, ಮೊದಲು ಕೊಂಗ್ಡೋರಿ, ಆಮೇಲೆ ಅಫರ್ವಟ್, ಹತ್ತಿರ ಹತ್ತಿರ 4,000 ಮೀಟರ್ ಎತ್ತರಕ್ಕೆ. ಕಾಶ್ಮೀರದ ಫೋಟೊ ತೋರಿಸಿ ಹಿಮಾಚಲ ಮಾರಿದ್ದಾನೆ. ಮೈಸೂರು ಅರಮನೆ ತೋರಿಸಿ ಮಂಡ್ಯದಲ್ಲಿ ಇಳಿಸಿದ ಹಾಗೆ.

ಸೋಲಂಗ್ ಇರುವುದು ಸುಮಾರು 2,500 ಮೀಟರ್‌ನಲ್ಲಿ. ಅಲ್ಲಿ ನೆಚ್ಚಿಕೊಳ್ಳಬಹುದಾದ ಹಿಮ ಅಂದರೆ ಜನವರಿ ಮಧ್ಯದಿಂದ ಫೆಬ್ರವರಿ. ಡಿಸೆಂಬರ್ ಅಂದರೆ ಲಾಟರಿ. ಗುಲ್ಮಾರ್ಗ್ ಆದರೂ ಕಣ್ಣು ಮುಚ್ಚಿ ಹೋಗಬೇಡಿ. 2024ರ ಜನವರಿಯಲ್ಲಿ ಅಲ್ಲೂ ಬರೀ ನೆಲ ಕಾಣಿಸುತ್ತಿತ್ತು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ವಿಂಟರ್ ಗೇಮ್ಸನ್ನೇ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಮತ್ತೆ ಅಲ್ಲಿ ರೂಮ್ ಗುಲ್ಮಾರ್ಗ್‌ನಲ್ಲಾ, ಬೆಟ್ಟದ ಕೆಳಗಿನ ತಂಗ್‌ಮಾರ್ಗ್‌ನಲ್ಲಾ, ಇಲ್ಲ ಐವತ್ತು ಕಿಲೋಮೀಟರ್ ದೂರದ ಶ್ರೀನಗರದಲ್ಲಾ ಅಂತ ಕೇಳಿ. ಉತ್ತರಾಖಂಡದ ಔಲಿ ಅಂದರೆ ಜೋಶಿಮಠದಿಂದ ರೋಪ್‌ವೇ ಓಡುತ್ತಿದೆಯಾ ಕೇಳಿ, 2023ರಲ್ಲಿ ನೆಲ ಕುಸಿದಾಗ ನಿಂತದ್ದು ಅದು. ಏಜೆಂಟ್‌ನ ಕೇಳಬೇಡಿ. ಹೋಟೆಲಿಗೇ ಫೋನ್ ಮಾಡಿ, ಇವತ್ತು ಕಿಟಕಿಯಿಂದ ತೆಗೆದ ವಿಡಿಯೋ ಕಳಿಸಿ ಅನ್ನಿ. ಶಾಲೆ ರಜೆ ಡಿಸೆಂಬರ್‌ನಲ್ಲೇ ಇದ್ದರೆ ಸ್ಕೀಯಿಂಗ್ ಮರೆತುಬಿಡಿ, ಸುಮ್ನೆ ಊರು ನೋಡಿ ಬನ್ನಿ.

ದುಡ್ಡು ವಾಪಸ್ ಕೇಳಿದ್ದಕ್ಕೆ 5,000 ರೂಪಾಯಿ ಕೂಪನ್ ಕೊಟ್ಟಿದ್ದಾನೆ. ಮುಂದಿನ ಟ್ರಿಪ್‌ಗೆ. ಅವನ ಜೊತೆಯೇ ಹೋಗಬೇಕು. ಮಾರ್ಚ್ ಒಳಗೆ.

1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ, ದೂರು ಬರೆಸಿದ್ದೇನೆ. ಚಾಟ್, ಬ್ರೋಶರ್, ಹುಲ್ಲಿನ ಫೋಟೊ ಎಲ್ಲ ಇಟ್ಟುಕೊಂಡಿದ್ದೇನೆ. ಹೀಗೆ ಟ್ರಾವೆಲ್ಸ್‌ನವರಿಂದ ಯಾರಿಗಾದರೂ ದುಡ್ಡು ವಾಪಸ್ ಬಂದಿದ್ದರೆ ದಯವಿಟ್ಟು ಹೇಗೆ ಅಂತ ಹೇಳಿ.