ಥಾಮಸ್-ಕಿಲ್ಮನ್ ಪ್ರಶ್ನಾವಳಿ: ಮಾತು ಬಿಟ್ಟಿದ್ದ ಇಬ್ಬರು ತುಂಬಿ ನೋಡಿದ ಮೇಲೆ

ನನಗೂ ನಮ್ಮ ತಂಡದ ಇನ್ನೊಬ್ಬರಿಗೂ ಏಳು ತಿಂಗಳು ಮಾತಿರಲಿಲ್ಲ. ಜಗಳ ಅಂತ ಒಂದು ದಿನವೂ ಆಗಿರಲಿಲ್ಲ. ಒಂದು ಮೀಟಿಂಗಿನಲ್ಲಿ ಅವರು ನನ್ನ ಲೆಕ್ಕದ ತಪ್ಪನ್ನು ಎಲ್ಲರೆದುರು ಎತ್ತಿ ತೋರಿಸಿದರು, ನಾನು ಬಾಯಿ ಮುಚ್ಚಿಕೊಂಡೆ, ಮಾರನೇ ದಿನದಿಂದ ಎದುರು ಸಿಕ್ಕರೂ ಮುಖ ತಿರುಗಿಸಿದೆ. ಆಮೇಲೆ ಎರಡು ಕುರ್ಚಿ ಆಚೆ ಕೂತವರಿಗೇ ಇಮೇಲ್ ಹಾಕುವುದು, ಜೊತೆಗೆ ಮ್ಯಾನೇಜರಿಗೂ ಒಂದು ಕಾಪಿ. ಕೊನೆಗೆ ಎಚ್‌ಆರ್‌ನವರು ಹೊರಗಿನಿಂದ ಒಬ್ಬ ಮಧ್ಯಸ್ಥರನ್ನು ಕರೆಸಿದರು. ಅವರು ಮೊದಲು ನಮ್ಮ ಕೈಗೆ ಕೊಟ್ಟದ್ದು ಈ ಪ್ರಶ್ನಾವಳಿ.

ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಇದನ್ನು 1974ರಲ್ಲಿ ಹೊರತಂದರು. ಒಟ್ಟು 30 ಜೋಡಿ ಹೇಳಿಕೆ, ಪ್ರತಿ ಜೋಡಿಯಲ್ಲೂ ಒಂದನ್ನು ಆರಿಸಲೇಬೇಕು. ಎರಡೂ ಒಳ್ಳೆಯವರು ಆಡುವ ಮಾತಿನ ಹಾಗೇ ಕಾಣುವುದರಿಂದ ಚೆನ್ನಾಗಿ ಕಾಣುವ ಉತ್ತರ ಹುಡುಕಿ ಗುರುತು ಹಾಕುವುದು ಸುಲಭವಲ್ಲ, ಇದು ನನಗೆ ಬಹಳ ಹಿಡಿಸಿತು. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಭಿನ್ನಾಭಿಪ್ರಾಯ ಬಂದಾಗ ನಾವು ಐದು ರೀತಿಗಳಲ್ಲಿ ಯಾವುದಕ್ಕೆ ಜಾಸ್ತಿ ವಾಲುತ್ತೇವೆ ಅಂತ ಇದು ತೋರಿಸುತ್ತದೆ: ಪಟ್ಟು ಹಿಡಿಯುವುದು, ಕೂತು ಇಬ್ಬರಿಗೂ ಒಪ್ಪುವ ದಾರಿ ಹುಡುಕುವುದು, ಇಬ್ಬರೂ ಅಷ್ಟಿಷ್ಟು ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ಎದುರಿನವರು ಹೇಳಿದ್ದಕ್ಕೆ ಒಪ್ಪಿಬಿಡುವುದು. ಒಂದೊಂದಕ್ಕೂ ಹೆಚ್ಚೆಂದರೆ 12 ಅಂಕ. ಯಾವುದೂ ತಪ್ಪಲ್ಲ, ಸಂದರ್ಭ ನೋಡಿ ಐದೂ ಬೇಕಾಗುತ್ತವೆ.

ತಪ್ಪಿಸಿಕೊಳ್ಳುವುದರಲ್ಲಿ ನನಗೆ 10 ಬಂತು. ಅದಕ್ಕಿಂತ ಆಶ್ಚರ್ಯವೆಂದರೆ ಮಾತು ಬಿಟ್ಟಿದ್ದ ಆ ಸಹೋದ್ಯೋಗಿಗೂ 9 ಬಂದಿತ್ತು. ಅವರಿಗೆ ಸೊಕ್ಕು, ಅದಕ್ಕೇ ಮಾತಾಡಿಸುವುದಿಲ್ಲ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅವರು ನನ್ನ ಬಗ್ಗೆ ಅದನ್ನೇ ಅಂದುಕೊಂಡಿದ್ದರು. ಇಬ್ಬರೂ ಹೆದರಿ ದೂರ ಉಳಿದಿದ್ದೆವು. ಈ ಒಂದು ವಿಷಯ ಗೊತ್ತಾಗುವುದಕ್ಕಾದರೂ ಆ ಹದಿನೈದು ನಿಮಿಷ ಸಾರ್ಥಕ ಅನ್ನಿಸಿತು.

ಆದರೆ ಅಂಕ ನೋಡಿದ ಮಾತ್ರಕ್ಕೆ ಮನಸ್ಸಿನ ಗಂಟು ಬಿಚ್ಚಲಿಲ್ಲ. ಕೆಲಸ ಮಾಡಿದ್ದು ಆಮೇಲಿನ ಮಾತುಕತೆ. ಮಧ್ಯಸ್ಥರು ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು, ನಂತರ ಒಟ್ಟಿಗೆ. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಮುಗಿದ ಮೇಲೆ ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ‘ಎಲ್ಲರೆದುರು ತಿದ್ದಿದಾಗ ನಿಮಗೆ ಅವಮಾನ ಆಯಿತು’ ಅಂತ ಆ ಸಹೋದ್ಯೋಗಿಯ ಬಾಯಿಂದಲೇ ಕೇಳಿದಾಗ ನನಗೆ ಗಂಟಲು ಕಟ್ಟಿತು. ಆ ಮೀಟಿಂಗಿಗೆ ಮುಂಚೆ ಎರಡು ಸಲ ಅದೇ ತಪ್ಪನ್ನು ಇಮೇಲಿನಲ್ಲಿ ಬರೆದಿದ್ದರಂತೆ, ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಅದು ನನ್ನ ತಪ್ಪು. ಕೊನೆಗೆ ಎರಡು ವಿಷಯ ಬರೆದುಕೊಂಡೆವು: ತಪ್ಪು ಕಂಡರೆ ಮೊದಲು ಸೀಟಿಗೆ ಬಂದು ಹೇಳುವುದು, ಮ್ಯಾನೇಜರಿಗೆ ಕಾಪಿ ಹಾಕುವ ಮುಂಚೆ ಇಬ್ಬರೂ ಮಾತಾಡುವುದು.

ಕೊರತೆಗಳೂ ಇವೆ. ಮೇಲಿನವರ ಹತ್ತಿರ ತಲೆತಗ್ಗಿಸುವವರು ಕೆಳಗಿನವರ ಮೇಲೆ ಹರಿಹಾಯಬಹುದು ಅಲ್ವಾ, ಇದು ಎರಡನ್ನೂ ಬೇರೆ ಮಾಡಿ ಕೇಳುವುದೇ ಇಲ್ಲ. ನಮ್ಮ ಮ್ಯಾನೇಜರ್ ಫಲಿತಾಂಶ ನೋಡಿ ನನಗೆ ‘ತಪ್ಪಿಸಿಕೊಳ್ಳುವವರು’ ಅಂತ ಹಣೆಪಟ್ಟಿ ಕಟ್ಟಿದರು, ಎರಡು ವಾರ ಅದನ್ನೇ ಕೇಳಬೇಕಾಯಿತು, ಬಹಳ ನೋವಾಯಿತು. ಫಲಿತಾಂಶ ಯಾರ ಕೈಗೆ ಹೋಗುತ್ತದೆ ಅಂತ ತುಂಬುವ ಮುಂಚೆಯೇ ಕೇಳಿ. ಇನ್ನೂ ಮುಖ್ಯವಾದದ್ದು, ಒಬ್ಬರು ಇನ್ನೊಬ್ಬರನ್ನು ಹೀಯಾಳಿಸುತ್ತಿದ್ದರೆ, ಬೆದರಿಸುತ್ತಿದ್ದರೆ ಈ ಪ್ರಶ್ನಾವಳಿ ಕೊಡಲೇಬಾರದು. ಅಲ್ಲಿ ಬೇಕಾದ್ದು ದೂರು ಮತ್ತು ವಿಚಾರಣೆ. ನೊಂದವರನ್ನು ಕೂರಿಸಿ ‘ನಿಮ್ಮ ಶೈಲಿ ಯಾವುದು’ ಅಂತ ಕೇಳುವುದು ಅನ್ಯಾಯ.

ಐದಕ್ಕೆ ಮೂರೂವರೆ ಕೊಡುತ್ತೇನೆ. ನಿಮ್ಮ ಆಫೀಸಿನಲ್ಲಿ ಇದನ್ನು ತರಿಸುವುದಾದರೆ, ಅಂಕ ಬಂದ ಮೇಲೆ ಇಬ್ಬರೂ ಎದುರುಬದುರು ಕೂರುವ ದಿನ ಯಾವುದು, ನಡುವೆ ಯಾರು ಕೂರುತ್ತಾರೆ ಅಂತ ಮೊದಲೇ ಗೊತ್ತು ಮಾಡಿಸಿಕೊಳ್ಳಿ.